ಶರಣರ ಕಾಯಕ ಪರಂಪರೆಯಲ್ಲಿ ಆರೈಕೆಯ ಸ್ಥಾನ

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಸಾವಧಾನವಾಗಿ ಓದಿಕೊಂಡು ಹೋದವರಿಗೆ ಒಂದು ಸಂಗತಿ ಗೋಚರಿಸುತ್ತದೆ. ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ ಎಂಬಲ್ಲೆಲ್ಲ ಹೆಸರಿನ ಮುಂದೆ ಕಾಯಕ ನಿಂತಿದೆ. ಇದು ಎಲ್ಲರೂ ಬಲ್ಲ ಮಾತು. ಪ್ರತಿ ಬಸವ ಜಯಂತಿಯ ವೇದಿಕೆಯ ಮೇಲೂ ಇದನ್ನು ಹೇಳುತ್ತೇವೆ, ಕೇಳುತ್ತೇವೆ. ಆದರೆ ಅದೇ ಸಾಲಿನಲ್ಲಿ ಕದಿರ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ ಎಂಬ ಹೆಸರುಗಳೂ ಇವೆ. ಕದಿರು ಎಂದರೆ ನೂಲುವ ಸಾಧನ; ಕೊಟ್ಟಣವೆಂದರೆ ಭತ್ತ ಕುಟ್ಟುವ ಕೆಲಸ. ಶಿರಾಳಕೊಪ್ಪದ ಸಮೀಪದ ಜಂಬೂರಿನ ಸತ್ಯಕ್ಕನವರ ಕಾಯಕವೋ ಶರಣರ ಮನೆಯಂಗಳದ ಕಸ ಗುಡಿಸುವುದು. ನೂಲುವುದು, ಕುಟ್ಟುವುದು, ಗುಡಿಸುವುದು, ಇವು ಅಂದಿಗೆ ಹೊಸ ಕೆಲಸಗಳೇನಲ್ಲ. ನಾಡಿನ ಪ್ರತಿ ಮನೆಯಲ್ಲಿಯೂ ಹೆಂಗಸರು ಕೋಳಿ ಕೂಗುವ ಹೊತ್ತಿಗೆದ್ದು ಮಾಡುತ್ತಿದ್ದ ಕೆಲಸಗಳು. ಅವುಗಳನ್ನು ಮಾಡುವವಳಿಗೆ ಆ ಕೆಲಸದ ಹೆಸರನ್ನೇ ಗೌರವದ ಬಿರುದಿನಂತೆ ಕೊಟ್ಟು, ಅವಳ ಮಾತನ್ನು ವಚನವೆಂದು ಬರೆದಿಟ್ಟುಕೊಂಡದ್ದು ಮಾತ್ರ ಹೊಸದು.

ಈ ಹೆಸರುಗಳನ್ನು ಇಂದು ನೆನೆಯುವುದಕ್ಕೆ ಕಾರಣವುಂಟು. ಅವಿಭಕ್ತ ಕುಟುಂಬಗಳು ಒಡೆದು, ಮಕ್ಕಳು ಬೆಂಗಳೂರಿಗೋ ಪುಣೆಗೋ ಪರದೇಶಕ್ಕೋ ಹೋಗಿ ನೆಲೆಸಿರುವ ಈ ಕಾಲದಲ್ಲಿ, ಹಾಸಿಗೆ ಹಿಡಿದ ಹಿರಿಯರನ್ನು, ಬಾಣಂತಿ-ಕೂಸನ್ನು, ಬುದ್ಧಿ ಬೆಳೆಯದ ಮಕ್ಕಳನ್ನು ನೋಡಿಕೊಳ್ಳುವವರು ಯಾರು, ಹಾಗೆ ನೋಡಿಕೊಳ್ಳುವ ಕೆಲಸಕ್ಕೆ ಬೆಲೆ ಏನು ಎಂಬ ಪ್ರಶ್ನೆ ಮಠಕ್ಕೆ ಬರುವ ಸದ್ಭಕ್ತರ ಮಾತಿನಲ್ಲಿ ಪದೇ ಪದೇ ಕೇಳಿಬರುತ್ತಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಅರುವತ್ತು ವರ್ಷ ದಾಟಿದವರು ಶೇಕಡ 9.5ರಷ್ಟಿದ್ದರು, ಆ ಪ್ರಮಾಣ ಏರುತ್ತಲೇ ಇದೆ. ಈ ಪ್ರಶ್ನೆಗೆ ಶರಣ ಪರಂಪರೆಯಲ್ಲಿ ಉತ್ತರವಿದೆಯೇ ಎಂದು ಹುಡುಕಿದರೆ, ಕಾಯಕದ ಮಾತಿಗಿಂತ ಮೊದಲು ಎದುರಾಗುವುದು ಸೂತಕದ ಮಾತು.

ಶರಣರು ನಿರಾಕರಿಸಿದ ಪಂಚಸೂತಕಗಳು ಜನನಸೂತಕ, ಜಾತಿಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ ಹಾಗೂ ಪ್ರೇತಸೂತಕ. ಇವುಗಳನ್ನು ನಾವು ಸಾಮಾನ್ಯವಾಗಿ ಕರ್ಮಠತನದ ವಿರೋಧವೆಂದೋ ಜಾತಿವಿರೋಧವೆಂದೋ ವ್ಯಾಖ್ಯಾನಿಸುತ್ತೇವೆ. ಅದು ಸರಿಯೇ. ಆದರೆ ಈ ಐದನ್ನು ಮತ್ತೊಂದು ದೃಷ್ಟಿಯಿಂದ ನೋಡಬೇಕು. ಹೆರಿಗೆ, ಮುಟ್ಟು, ಎಂಜಲು, ಸಾವು: ಆರೈಕೆಯ ಕೆಲಸವೆಲ್ಲ ನಡೆಯುವುದೇ ಈ ನಾಲ್ಕರ ನಡುವೆ. ಕೂಸಿನ ಬಟ್ಟೆ ಒಗೆಯುವವಳು, ರೋಗಿಯ ಬಾಯಿ ಒರೆಸುವವಳು, ಉಂಡ ತಟ್ಟೆ ಎತ್ತುವವಳು, ಕೊನೆಯುಸಿರು ಬಿಟ್ಟ ದೇಹಕ್ಕೆ ಸ್ನಾನ ಮಾಡಿಸುವವರು ಇವರೆಲ್ಲ ಮಡಿಯ ಶಾಸ್ತ್ರದ ಕಣ್ಣಿಗೆ ಮೈಲಿಗೆಯಲ್ಲಿಯೇ ಬದುಕುವವರು. ಐದನೆಯದಾದ ಜಾತಿಸೂತಕವು ಈ ಕೆಲಸಗಳಲ್ಲಿ ಅತ್ಯಂತ ಹೊಲಸೆನಿಸಿದವನ್ನು ಕೆಲವು ಜನವರ್ಗಗಳ ತಲೆಗೆ ಕಟ್ಟಿತ್ತು. ಹೀಗಿರುವಾಗ ಸೂತಕವನ್ನು ಉಳಿಸಿಕೊಂಡು ಆರೈಕೆಯನ್ನು ಕಾಯಕವೆನ್ನಲು ಸಾಧ್ಯವೇ ಇರಲಿಲ್ಲ. ಶರಣರು ಮೊದಲು ಮೈಲಿಗೆಯನ್ನು ತೆಗೆದರು; ಆಮೇಲೆ ಕೆಲಸಕ್ಕೆ ಹೆಸರಿಟ್ಟರು. ಈ ಕ್ರಮವನ್ನು ನಮ್ಮ ವ್ಯಾಖ್ಯಾನಗಳು ಸಾಕಷ್ಟು ಗಮನಿಸಿಲ್ಲವೆಂಬುದು ನನ್ನ ನಮ್ರ ಅಭಿಪ್ರಾಯ.

ಆಚರಣೆಯಲ್ಲಿ ಇದರ ಕುರುಹುಗಳು ಇಂದಿಗೂ ಉಳಿದಿವೆ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಜಂಗಮರು ಬಾಣಂತಿಯ ಮನೆಗೇ ದಯಮಾಡಿಸಿ ಕೂಸಿಗೆ ಲಿಂಗಧಾರಣೆ ಮಾಡುವ ಪದ್ಧತಿ ನಮ್ಮಲ್ಲಿದೆ. ಲಿಂಗೈಕ್ಯರಾದವರ ದೇಹವನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಮನೆಮಂದಿಯೆಲ್ಲ ಮುಟ್ಟಿ ಪೂಜಿಸುತ್ತಾರೆ. ಮುಟ್ಟಬಾರದು ಎಂದು ಬೇರೆಡೆ ಹೇಳುವ ಹೊತ್ತಿನಲ್ಲಿಯೇ ಮುಟ್ಟಿ ಎಂದು ಹೇಳಿದ ಪರಂಪರೆಯಿದು.

ಪುರಾಣಕಾರರಿಗೂ ಇದರ ಮರ್ಮ ತಿಳಿದಿತ್ತು. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ, 1369ರಲ್ಲಿ ಭೀಮಕವಿಯು ಕನ್ನಡಕ್ಕೆ ತಂದ ಬಸವಪುರಾಣದ ಪರಂಪರೆಯಲ್ಲಿ ಬೆಜ್ಜಮಹಾದೇವಿಯ ಕಥೆ ಬರುತ್ತದೆ. ಆಕೆಗೆ ಶಿವನನ್ನು ಕಂಡು ಭಯವಿಲ್ಲ, ಮರುಕ. ಜಡೆಗಟ್ಟಿದ ತಲೆ, ಮೈತುಂಬ ಬೂದಿ, ಸ್ಮಶಾನದ ವಾಸ. ಈ ಹುಡುಗನಿಗೆ ತಾಯಿಯೊಬ್ಬಳಿದ್ದಿದ್ದರೆ ಹೀಗೆ ಬಿಡುತ್ತಿದ್ದಳೆ ಎಂಬುದು ಅವಳ ಚಿಂತೆ. ಎಲ್ಲರಿಗೂ ತಾಯಿಯಿದ್ದಾರೆ, ಇವನಿಗೆ ಮಾತ್ರ ಇಲ್ಲ. ಆದಕಾರಣ ತಾನೇ ತಾಯಿಯಾಗಿ ಲಿಂಗಕ್ಕೆ ಎಣ್ಣೆ ತಿಕ್ಕಿ, ನೀರೆರೆದು, ಕಾಡಿಗೆ ಹಚ್ಚಿ, ಹಾಲು ಕುಡಿಸುತ್ತಾಳೆ. ಪರೀಕ್ಷಿಸಲೆಂದು ಶಿವನು ಗಂಟಲುಬೇನೆ ಬಂದವನಂತೆ ಹಾಲು ಮುಟ್ಟದಿರಲು ಆಕೆ ಎಳೆಗೂಸಿನ ತಾಯಿಯಂತೆಯೇ ಕಂಗೆಡುತ್ತಾಳೆ. ಭಕ್ತಿಯ ನಾನಾ ಭಾವಗಳಲ್ಲಿ ಇದು ವಾತ್ಸಲ್ಯವೆಂದು ವರ್ಗೀಕರಿಸಿ ಮುಂದೆ ಹೋಗುವುದು ಸುಲಭ. ಆದರೆ ಕಥೆಯಲ್ಲಿ ಇರುವುದು ಭಾವವಷ್ಟೇ ಅಲ್ಲ, ಕೆಲಸ. ಎಣ್ಣೆ, ಬಿಸಿನೀರು, ಹಾಲು, ರಾತ್ರಿಯ ನಿದ್ದೆಗೇಡು. ಈ ಕೆಲಸವನ್ನು ದೇವರಿಗೂ ಮಾಡಬೇಕಾದೀತು ಎಂದು ಕವಿ ಹೇಳಿದಾಗ, ಅದನ್ನು ಮನುಷ್ಯರಿಗೆ ಮಾಡುವವಳ ಸ್ಥಾನ ತಾನಾಗಿಯೇ ಮೇಲೇರುತ್ತದೆ.

ಕಲ್ಯಾಣದ ಇತಿಹಾಸದಲ್ಲಿ ಈ ಸ್ಥಾನಕ್ಕೆ ನಿಲ್ಲುವವರು ಅಕ್ಕ ನಾಗಮ್ಮನವರು. ಬಸವಣ್ಣನವರ ಅಕ್ಕ, ಚನ್ನಬಸವಣ್ಣನವರ ತಾಯಿ ಎಂದು ಅವರನ್ನು ಪರಿಚಯಿಸುವುದು ರೂಢಿ. ಬಸವಣ್ಣನವರು ಮನೆ ತೊರೆದು ಕೂಡಲಸಂಗಮಕ್ಕೆ ನಡೆದಾಗ ಅವರ ಜೊತೆಗಿದ್ದು ನೋಡಿಕೊಂಡವರು ನಾಗಮ್ಮನವರೆಂದು ಪರಂಪರೆ ಹೇಳುತ್ತದೆ. ಮುಂದೆ ಮಹಾಮನೆಯ ದಾಸೋಹದಲ್ಲಿ ಗಂಗಾಂಬಿಕೆ, ನೀಲಾಂಬಿಕೆಯರೊಡನೆ ಅವರ ಪಾತ್ರ ಹಿರಿದು. 1167-68ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯಾಗಿ ಶರಣರು ಚದುರಿದಾಗ, ವಚನದ ಕಟ್ಟುಗಳೊಡನೆ ಉಳವಿಯತ್ತ ಹೊರಟ ಗುಂಪಿನಲ್ಲಿ ಮಗನೊಂದಿಗೆ ಆ ತಾಯಿಯೂ ಇದ್ದರು. ಆ ದಾರಿಯನ್ನು ನಾವು ಕಾದಾಟಗಳ ಮೂಲಕ ನೆನೆಯುತ್ತೇವೆ. ಮಲೆನಾಡಿನ ಕಾಡಿನಲ್ಲಿ ನಡೆಯುತ್ತಿದ್ದ ಆ ಜನಕ್ಕೆ ದಿನವೂ ಅಂಬಲಿ ಕಾಯಿಸಿದವರಾರು, ಗಾಯಕ್ಕೆ ಬಟ್ಟೆ ಸುತ್ತಿದವರಾರು, ನಡೆಯಲಾರದ ಮುದುಕರಿಗೆ ಹೆಗಲಾದವರಾರು ಎಂದು ಕೇಳಿಕೊಳ್ಳುವುದು ಕಡಿಮೆ. ವಚನ ಸಾಹಿತ್ಯ ಉಳಿದದ್ದು ಕತ್ತಿ ಹಿಡಿದವರಿಂದ ಎಷ್ಟೋ, ಗಂಜಿ ಬಡಿಸಿದವರಿಂದಲೂ ಅಷ್ಟೇ ಎಂದರೆ ಅತಿಶಯೋಕ್ತಿಯಾಗಲಾರದು. ನಾಗಮ್ಮನವರ ವಚನಗಳು ನಮಗೆ ದೊರೆತಿರುವುದು ಹದಿನೈದರ ಆಸುಪಾಸು ಮಾತ್ರ. ಊರೆಲ್ಲ ಉಂಡ ಮೇಲೆ ಉಳಿದ ಹೊತ್ತಿನಲ್ಲಿ ಬರೆದವರದು ಅಷ್ಟೇ ಇರುತ್ತದೆ.

ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ನೂರೊಂದು ವಿರಕ್ತರ ಕಾಲ ಬಂದಿತು. ವಚನಗಳನ್ನು ಹುಡುಕಿ, ತಿದ್ದಿ, ಷಟ್‌ಸ್ಥಲಗಳಿಗೆ ಅಳವಡಿಸಿದ ಆ ಮಹನೀಯರ ಋಣ ದೊಡ್ಡದು. ಶೂನ್ಯಸಂಪಾದನೆಗಳು ರೂಪುಗೊಂಡದ್ದು ಆಗಲೇ. ಆದರೆ ಸ್ಥಲದ ಕ್ರಮದಲ್ಲಿ ಜೋಡಿಸಿದಾಗ ಒಬ್ಬ ಶರಣೆಯ ಮಾತು ಭಕ್ತಸ್ಥಲಕ್ಕೋ ಮಾಹೇಶ್ವರಸ್ಥಲಕ್ಕೋ ಸೇರಿತು, ಅವಳ ಒನಕೆ ಹೊರಗೇ ಉಳಿಯಿತು. 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಮೇಲೆ, ಹರ್ಡೇಕರ ಮಂಜಪ್ಪನವರಂಥವರು ಬಸವತತ್ತ್ವವನ್ನು ಜನರ ನಡುವೆ ಸಾರಿದ ಮೇಲೆ ಕಾಯಕವು ಮತ್ತೆ ಬೆಳಕಿಗೆ ಬಂದಿತು. ಹಾಗೆ ಬಂದಾಗ ಅದರ ಅರ್ಥ ಉದ್ಯೋಗ, ವ್ಯಾಪಾರ, ಕೃಷಿ, ಕಚೇರಿಯ ಪ್ರಾಮಾಣಿಕತೆ ಎಂದಾಯಿತು. ಸಮಾಜ ಏಳಿಗೆಯ ಹಾದಿಯಲ್ಲಿದ್ದ ಕಾಲವದು, ಹಾಗಾದುದು ಸಹಜ. ಮನೆಯೊಳಗಿನ ಕೆಲಸಕ್ಕೆ ಮಾತ್ರ ಕಾಯಕವೆಂಬ ಹೆಸರು ಹೋಗಿ ಕರ್ತವ್ಯ, ಸೇವೆ, ಪಾತಿವ್ರತ್ಯ ಎಂಬ ಹೆಸರುಗಳು ಉಳಿದುಕೊಂಡವು.

ಅದೇ ಕಾಲಕ್ಕೆ ಮಠಗಳು ಕುಟುಂಬದ ಒಂದು ದೊಡ್ಡ ಹೊಣೆಯನ್ನು ಹೊತ್ತುಕೊಂಡವು. ಹಳ್ಳಿಯ ಮಕ್ಕಳು ಓದಲು ಪೇಟೆಗೆ ಹೋಗಬೇಕಾದಾಗ ಅವರಿಗೆ ಅನ್ನವಿಕ್ಕುವವರು ಬೇಕಾದರು. ಉಚಿತ ಪ್ರಸಾದನಿಲಯಗಳು ಹುಟ್ಟಿದ್ದು ಹೀಗೆ. ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907-2019) ಆರಂಭದ ದಿನಗಳಲ್ಲಿ ಊರೂರು ಭಿಕ್ಷೆಗೆ ಹೋಗಿ ಮಕ್ಕಳಿಗೆ ಉಣಿಸಿದರು. ಹಾನಗಲ್ಲ ಕುಮಾರ ಶಿವಯೋಗಿಗಳವರ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳವರು (1892-1944), ಅವರ ನಂತರ ಪುಟ್ಟರಾಜ ಗವಾಯಿಗಳವರು (1914-2010) ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರೆಂದು ನಾಡು ಕೊಂಡಾಡುತ್ತದೆ. ಸಂಗೀತಕ್ಕೂ ಮೊದಲು ಕಣ್ಣಿಲ್ಲದ ಹಸುಳೆಯ ಕೈಹಿಡಿದು ಬಚ್ಚಲಿಗೆ, ಊಟದ ಪಂಕ್ತಿಗೆ ಕರೆದೊಯ್ಯುವ ಕೆಲಸವಿತ್ತೆಂಬುದನ್ನೂ ಕೊಂಡಾಡಬೇಕು. ಸ್ವತಃ ಅಂಧರಾಗಿದ್ದ ಆ ಇಬ್ಬರು ಗುರುಗಳಿಗೆ ಅದರ ಬೆಲೆ ಗೊತ್ತಿತ್ತು. ಎಷ್ಟೋ ಊರುಗಳಲ್ಲಿ ತಾಯಂದಿರು ಅನ್ನಕ್ಕೆಸರಿಡುವ ಮುನ್ನ ಒಂದು ಹಿಡಿ ಅಕ್ಕಿಯನ್ನೋ ಜೋಳವನ್ನೋ ಬೇರೆ ಗಡಿಗೆಗೆ ಹಾಕಿ ತಿಂಗಳಿಗೊಮ್ಮೆ ಮಠಕ್ಕೆ ಕಳುಹುತ್ತಿದ್ದರು. ಆ ಮುಷ್ಟಿಧಾನ್ಯದ ಲೆಕ್ಕ ಊರಿನ ಹೆಸರಿನಲ್ಲಿ ಬರೆಯಲ್ಪಟ್ಟಿತು.

ಅವಿಭಕ್ತ ಕುಟುಂಬದಲ್ಲಿ ಎಲ್ಲವೂ ಚೆನ್ನಾಗಿತ್ತು, ಈಗ ಕೆಟ್ಟಿತು ಎಂಬ ಮಾತನ್ನು ಪ್ರವಚನಗಳಲ್ಲಿ ಕೇಳುತ್ತೇವೆ. ಇದನ್ನು ಸ್ವಲ್ಪ ತಡೆದು ವಿಚಾರಿಸಬೇಕು. ಇಪ್ಪತ್ತು ಜನರ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ಇಪ್ಪತ್ತು ಜನ ನೋಡಿಕೊಳ್ಳಲಿಲ್ಲ. ನೋಡಿಕೊಂಡವರು ಇಬ್ಬರು ಸೊಸೆಯರು, ಒಬ್ಬ ವಿಧವೆ ಅತ್ತೆ, ಮತ್ತು ಜೀತದಂತೆ ದುಡಿದ ಒಬ್ಬ ಆಳುಮಗಳು. ಬಾಣಂತನದ ಅಂಟಿನುಂಡೆ, ಎಣ್ಣೆನೀರು, ಅಗ್ಗಿಷ್ಟಿಕೆ ಎಲ್ಲವೂ ತವರಿನ ತಾಯಿಯ ಸೊಂಟದ ಮೇಲೆ ನಿಂತಿದ್ದವು. ಈಗ ಮನೆ ಚಿಕ್ಕದಾಗಿದೆ, ಕೆಲಸ ಚಿಕ್ಕದಾಗಿಲ್ಲ. ಸೊಸೆಯೂ ನೌಕರಿಗೆ ಹೋಗುತ್ತಾಳೆ. ಅಂದು ಕಾಣದಂತೆ ನಡೆದುಹೋಗುತ್ತಿದ್ದ ಕೆಲಸ ಇಂದು ಮಾಡುವವರಿಲ್ಲದೆ ನಿಂತಾಗ ಎಲ್ಲರ ಕಣ್ಣಿಗೆ ಬಿದ್ದಿದೆ, ಅಷ್ಟೆ.

ಸರಕಾರದ ಲೆಕ್ಕಕ್ಕೂ ಅದು ಬಹುಕಾಲ ಕಾಣಲಿಲ್ಲ. ನಮ್ಮ ಜನಗಣತಿಯಲ್ಲಿ ಮನೆಗೆಲಸವನ್ನಷ್ಟೇ ಮಾಡುವವರು ಕೆಲಸ ಮಾಡದವರ ಪಟ್ಟಿಗೆ ಸೇರುತ್ತಾರೆ. 2001ರ ಜನಗಣತಿಯು ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳು ಮೊದಲಾದವರ ಜೊತೆಗೆ ಇರಿಸಿದುದನ್ನು 2010ರ ಒಂದು ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆಕ್ಷೇಪಿಸಿತು. ಅದಕ್ಕೂ ಮೊದಲು 2001ರಲ್ಲಿ, ಜಮಶೇಡಪುರದ ಅಗ್ನಿದುರಂತದಲ್ಲಿ ಮಡಿದ ಗೃಹಿಣಿಯರ ಪರಿಹಾರವನ್ನು ನಿರ್ಧರಿಸುವಾಗ ಅದೇ ನ್ಯಾಯಾಲಯವು ಅವರ ಮನೆಗೆಲಸಕ್ಕೆ ತಿಂಗಳಿಗೆ 3,000 ರೂಪಾಯಿಗಳ ಬೆಲೆ ಕಟ್ಟಿತ್ತು. ಗೃಹಿಣಿ ಬದುಕಿರುವಾಗ ಕಾಣದ ಬೆಲೆ ಅವಳು ಸತ್ತ ಮೇಲೆ ಪರಿಹಾರದ ವ್ಯಾಜ್ಯದಲ್ಲಿ ಕಂಡಿತೆಂಬುದು ವಿಷಾದದ ಸಂಗತಿ. ಇನ್ನು 2007ರ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯನ್ನು ನೋಡಿ. ತಂದೆತಾಯಿಗಳ ಹೊಣೆಯನ್ನು ಅದು ಮಗ, ಮಗಳು, ಮೊಮ್ಮಕ್ಕಳ ಮೇಲೆ ಹೊರಿಸುತ್ತದೆ; ಆ ಪಟ್ಟಿಯಲ್ಲಿ ಸೊಸೆಯ ಹೆಸರಿಲ್ಲ. ಮನೆಯಲ್ಲಿ ಮಾತ್ರ ಹೊಣೆಯ ಪಟ್ಟಿ ಶುರುವಾಗುವುದೇ ಸೊಸೆಯಿಂದ. 1994ರಲ್ಲಿ ಕರ್ನಾಟಕವು ಕಾಯಿದೆ ತಿದ್ದಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಆಸ್ತಿಯ ಪಾಲಿನ ಬಗೆಗೆ ನಡೆದಷ್ಟು ಮಾತು ಆರೈಕೆಯ ಪಾಲಿನ ಬಗೆಗೆ ನಮ್ಮ ಮನೆಗಳಲ್ಲಿ ನಡೆದಿಲ್ಲ.

ಕಳೆದ ವರ್ಷ ಶಿವಾನುಭವ ಗೋಷ್ಠಿಯ ಬಳಿಕ ಒಬ್ಬ ತಾಯಿ ಪೂಜ್ಯರಲ್ಲಿ ಬಿನ್ನವಿಸಿಕೊಂಡರು: "ಬುದ್ಧೀ, ಅತ್ತೆಯವರು ಹಾಸಿಗೆ ಹಿಡಿದು ಮೂರು ವರ್ಷವಾಯಿತು. ಲಿಂಗಪೂಜೆಗೆ ಕುಳಿತರೆ ಕರೆಯುತ್ತಾರೆ, ಎದ್ದು ಹೋಗಿ ಬಟ್ಟೆ ಬದಲಿಸಬೇಕು. ಮತ್ತೆ ಪೂಜೆಗೆ ಕೂಡುವುದು ಆಗುವುದಿಲ್ಲ. ಇದು ತಪ್ಪಾಗುತ್ತದೆಯೇ?" ಪೂಜ್ಯರು ಉತ್ತರವಾಗಿ ನುಲಿಯ ಚಂದಯ್ಯನವರ ಕಥೆಯನ್ನು ಹೇಳಿದರು. ಹಗ್ಗ ಹೊಸೆಯಲು ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿರುವಾಗ ಚಂದಯ್ಯನವರ ಇಷ್ಟಲಿಂಗ ಜಾರಿ ನೀರಿಗೆ ಬಿದ್ದಿತು. ಅವರು ಅದನ್ನು ಹುಡುಕಲು ನಿಲ್ಲದೆ ಹುಲ್ಲಿನ ಹೊರೆ ಹೊತ್ತು ನಡೆದರು, ಲಿಂಗವೇ ಅವರ ಬೆನ್ನುಹತ್ತಿ ಬಂದಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು ವಿಚಾರಿಸಬೇಕಾಯಿತು. ದಾಸೋಹಕ್ಕಾಗಿ ನಡೆಯುವ ಕಾಯಕ ನಿಲ್ಲಬಾರದು, ಪೂಜೆ ಅದಕ್ಕಾಗಿ ಕಾದೀತು ಎಂಬುದು ಕಥೆಯ ತಾತ್ಪರ್ಯ. ಆ ತಾಯಿಯ ಕಣ್ಣು ಒದ್ದೆಯಾದುದನ್ನು ಅಲ್ಲಿದ್ದವರೆಲ್ಲ ನೋಡಿದೆವು.

ಆದರೆ ಈ ಉತ್ತರವನ್ನು ಯಾರು ಯಾರಿಗೆ ಹೇಳುತ್ತಾರೆಂಬುದು ಮುಖ್ಯ. ಗುರುಗಳು ಆ ತಾಯಿಗೆ ಹೇಳಿದರೆ ಅದು ಸಾಂತ್ವನ. ಅದೇ ಮಾತನ್ನು ಆಕೆಯ ಮನೆಯವರು, ನಿನ್ನ ಸೇವೆಯೇ ನಿನಗೆ ಪೂಜೆ ಎಂದು ಹೇಳಿ ತಾವು ಸ್ನಾನ ಮಾಡಿ ನೆಮ್ಮದಿಯಿಂದ ಲಿಂಗಪೂಜೆಗೆ ಕುಳಿತರೆ ಅದು ಅನುಕೂಲದ ವೇದಾಂತ. ಇದಕ್ಕೆ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಬೇಕು. ಗಂಡ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬನ್ನಿರೆಂದು ಆಕೆ ಹಿಂದಕ್ಕೆ ಕಳುಹಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ನಾವದನ್ನು ಅತಿಯಾಸೆಯ ನಿಷೇಧವೆಂದು ಓದುತ್ತೇವೆ. ಪಾಲಿಗಿಂತ ಹೆಚ್ಚು ಪಡೆಯಬಾರದೆಂದರೆ ಇನ್ನೊಬ್ಬರ ದುಡಿಮೆಯಿಂದಲೂ ಪಾಲಿಗಿಂತ ಹೆಚ್ಚು ಪಡೆಯಬಾರದು ಎಂದಾಗುತ್ತದೆ. ಒಬ್ಬಳ ನಿದ್ದೆಯಿಂದ, ಬೆನ್ನುನೋವಿನಿಂದ ಮನೆಮಂದಿಯೆಲ್ಲ ಪಡೆಯುತ್ತಿರುವ ನೆಮ್ಮದಿಯೂ ಹಾಗೆ ಹೆಚ್ಚಾಗಿ ಬಂದ ಅಕ್ಕಿಯೇ. ಅದನ್ನು ಹಿಂದಕ್ಕೆ ಸುರಿಯಬೇಕಾದವರು ಉಳಿದವರು.

ಸಂಬಳಕ್ಕೆ ಬರುವ ಆರೈಕೆಗಾರ್ತಿಯರ ವಿಷಯದಲ್ಲಿ ನಮ್ಮ ಪರೀಕ್ಷೆ ಇನ್ನೂ ಕಠಿಣ. ಪೇಟೆಯ ಎಷ್ಟೋ ಮನೆಗಳಲ್ಲಿ ಈಗ ಹಗಲಿಗೊಬ್ಬರು, ರಾತ್ರಿಗೊಬ್ಬರು ಆಯಾ ಬರುತ್ತಾರೆ. ಹಿರಿಯರ ಮಲಮೂತ್ರ ಬಳಿದು, ಮಗ್ಗುಲು ಹೊರಳಿಸಿ, ಬಾಯಿಗೆ ಗಂಜಿ ಹಾಕುವವರು ಅವರು. ಅವರಿಗೆ ಬೇರೆ ಲೋಟ, ಬೇರೆ ತಟ್ಟೆ, ಕೆಲವೆಡೆ ಅಡಿಗೆಮನೆಗೆ ಪ್ರವೇಶವಿಲ್ಲ. ಕೊರಳಲ್ಲಿ ಕರಡಿಗೆ ಧರಿಸಿದವರ ಮನೆಗಳಲ್ಲಿಯೇ ಇದು ನಡೆಯುತ್ತದೆಂದು ಹೇಳಲು ಸಂಕೋಚವಾಗುತ್ತದೆ, ಆದರೆ ಹೇಳದೆ ವಿಧಿಯಿಲ್ಲ. ಪಂಚಸೂತಕಗಳಲ್ಲಿ ಎರಡು, ಉಚ್ಛಿಷ್ಟ ಮತ್ತು ಜಾತಿ, ಆ ಒಂದು ಲೋಟದಲ್ಲಿ ತುಂಬಿಕೊಂಡಿವೆ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಪಡಿಸಿ ಕರ್ನಾಟಕ ಸರಕಾರವು 2004ರಲ್ಲಿಯೇ ಅಧಿಸೂಚನೆ ಹೊರಡಿಸಿತು. ವಾರದ ರಜೆ, ಕಾಯಿಲೆಯ ದಿನದ ಸಂಬಳ, ಮನೆಯವರು ಉಣ್ಣುವ ತಟ್ಟೆಯಲ್ಲಿಯೇ ಊಟ, ಇವಕ್ಕೆ ಅಧಿಸೂಚನೆಗಾಗಿ ಶರಣರ ಮಕ್ಕಳು ಕಾಯಬೇಕಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರೆಂದು ಹೆಸರಾದವರು. 2018ರಲ್ಲಿ ಪದ್ಮಶ್ರೀ ಬಂದಾಗ ನಾಡೇ ಅವರನ್ನು ಅಮ್ಮನೆಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಸೂಲಗಿತ್ತಿ ಎಂಬುದು ಅವರ ಹೆಸರಿನ ಮುಂದೆ ನಿಂತ ರೀತಿ ಕೊಟ್ಟಣದ ಸೋಮವ್ವೆಯ ಹೆಸರಿನ ರೀತಿಯದೇ.

ಗಂಡಸರ ಮಾತು ಉಳಿಯಿತು. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ ವ್ಯಯಿಸುತ್ತಾರೆ. ಮನೆಯವರ ಆರೈಕೆಯಲ್ಲಿ ಹೆಂಗಸರದು 137 ನಿಮಿಷ, ಗಂಡಸರದು 75. ಆರೈಕೆ ಹೆಂಗಸರ ಸ್ವಭಾವಕ್ಕೆ ಒಗ್ಗಿದ್ದು, ಗಂಡಸರಿಗೆ ಬಾರದು ಎಂಬ ಸಮಜಾಯಿಷಿಯನ್ನು ಬೇರೆಯವರು ಕೊಟ್ಟರೆ ಕೊಡಲಿ, ಪ್ರಸಾದನಿಲಯಗಳಲ್ಲಿ ಬೆಳೆದವರು ಕೊಡುವಂತಿಲ್ಲ. ಮಠದ ಮಕ್ಕಳು ಬೆಳಗಿನ ಐದಕ್ಕೆ ಎದ್ದು ಅಂಗಳ ಗುಡಿಸುತ್ತಾರೆ, ರೊಟ್ಟಿ ತಟ್ಟಲು ಕೂಡುತ್ತಾರೆ, ಸಾವಿರ ಜನಕ್ಕೆ ಸಾರು ಬಡಿಸುತ್ತಾರೆ, ಹುಳಿಬಿದ್ದ ಹಂಡೆಯನ್ನು ತಿಕ್ಕಿ ಬೆಳಗುತ್ತಾರೆ. ಜ್ವರ ಬಂದ ಚಿಕ್ಕವನ ಹಣೆಗೆ ರಾತ್ರಿಯಿಡೀ ಒದ್ದೆ ಬಟ್ಟೆ ಹಾಕುವವನು ಹತ್ತನೆಯ ತರಗತಿಯ ಇನ್ನೊಬ್ಬ ಹುಡುಗನೇ. ಮಡಿವಾಳ ಮಾಚಯ್ಯನವರು ಗಂಡಸರು, ಅವರು ಒಗೆದದ್ದು ಊರವರ ಮೈಲಿಗೆ ಬಟ್ಟೆ. ಹತ್ತು ವರ್ಷ ಇಷ್ಟೆಲ್ಲ ಮಾಡಿದ ಹುಡುಗ ನೌಕರಿ ಹಿಡಿದು ಮದುವೆಯಾದ ಮೇಲೆ ತಾನುಂಡ ತಟ್ಟೆಯನ್ನೂ ಎತ್ತುವುದಿಲ್ಲವೆಂದು ಅವನ ಹೆಂಡತಿ ಮಠಕ್ಕೆ ಬಂದಾಗ ನಗುತ್ತ ಹೇಳುತ್ತಾಳೆ.

ಅಪವಾದಗಳೂ ಉಂಟು. ನಮ್ಮ ನಿಲಯದಲ್ಲಿ ಓದಿದ ಹಳೆಯ ವಿದ್ಯಾರ್ಥಿಯೊಬ್ಬರು ಪಾರ್ಶ್ವವಾಯುವಾದ ತಂದೆಯನ್ನು ನಾಲ್ಕು ವರ್ಷ ತಾವೇ ಎತ್ತಿ ಇಳಿಸಿ, ಮೀಯಿಸಿ, ಮುಖಕ್ಷೌರ ಮಾಡಿ ನೋಡಿಕೊಂಡರು. ಅವರ ಪತ್ನಿ ಆ ಅವಧಿಯಲ್ಲಿಯೇ ಬಿ.ಎಡ್. ಮುಗಿಸಿದರು. ಬರುವ ಶ್ರಾವಣ ಮಾಸದ ಪ್ರವಚನದಲ್ಲಿ ಸತ್ಯಕ್ಕ, ಸೋಮವ್ವೆ ಹಾಗೂ ರೆಮ್ಮವ್ವೆಯರ ವಚನಗಳ ನಿರ್ವಚನವನ್ನು ಇಟ್ಟುಕೊಳ್ಳಲಾಗಿದ್ದು, ದಂಪತಿಗಳಿಬ್ಬರೂ ಒಂದು ಸಂಜೆ ಮಾತನಾಡಲು ಒಪ್ಪಿದ್ದಾರೆ. ಅಂದಿನ ಪ್ರಸಾದದ ಅಡಿಗೆ ಮತ್ತು ಪಾತ್ರೆಗಳ ಕೆಲಸವನ್ನು ಗಂಡು ಭಕ್ತರೇ ವಹಿಸಿಕೊಳ್ಳಬೇಕೆಂದು ಪೂಜ್ಯರ ಅಪ್ಪಣೆಯಾಗಿದೆ. ಹೆಸರು ಬರೆಯಿಸುವವರು ದಾಸೋಹದ ಕಚೇರಿಯಲ್ಲಿ ವಿಚಾರಿಸಬಹುದು.